ನನ್ನ ಅಣ್ಣನ ಅನ್ನದಲ್ಲಿ ಕಡ್ಡಿ ನೆಟ್ಟವರಿಗೆ

ಪತ್ತೇದಾರಿ ಕಾದಂಬರಿ ವಿಭಾಗದ ಮಾನ್ಯ ಪ್ರಧಾನ ಸಂಪಾದಕರೇ,

ನೀವು ನನ್ನ ಅಣ್ಣನನ್ನು ಸಾಯಿಸಿದ್ದೀರಿ. ನಿಮ್ಮ ಮಾಸಪತ್ರಿಕೆಯ ಈ ತಿಂಗಳ ಸಂಚಿಕೆಯಲ್ಲಿ, ಚಿತ್ರಸಮೇತ. ಗಾಬರಿಯಾಗಬೇಡಿ, ಪೊಲೀಸರ ಬಳಿ ಹೋಗುವುದಿಲ್ಲ. ಆದರೆ ನಮ್ಮ ಅಮ್ಮ ಅದನ್ನು ನಂಬಿಬಿಟ್ಟಿದ್ದಾಳೆ. ಬರುವ ಹಿರಿಯರ ಪೂಜೆಯ ವಾರದಲ್ಲಿ, ಸತ್ತವರಿಗೆ ಗುಡಿಯಲ್ಲಿ ಇಡುವ ಹೊಸ ಹೆಸರನ್ನು ಅಣ್ಣನಿಗೂ ಇಡಿಸಬೇಕೆಂದು ಗುಡಿಯ ಗುರುಗಳಿಗೆ ಹೇಳಿಕಳಿಸಿದ್ದಾಳೆ. ಅದನ್ನು ನಿಲ್ಲಿಸುವುದು ನನ್ನ ಕೈಲಾಗುತ್ತಿಲ್ಲ. ನಿಮ್ಮ ಕೈಲಾಗುತ್ತದೆ. ಅದಕ್ಕೇ ಈ ಪತ್ರ, ಅದಕ್ಕೇ ಊರವರೆಲ್ಲ ಓದುವ ಈ ದಿನಪತ್ರಿಕೆಯಲ್ಲಿ.

ಸಕತಾ ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಚಿಕ್ಕ ವಸತಿಗೃಹವಿತ್ತು. ನೀವು ಯಾರ ಪುಸ್ತಕಗಳನ್ನು ಮಾರಿ ಕಚೇರಿಗೆ ಅಮೃತಶಿಲೆ ಹಾಸಿಕೊಂಡಿರೋ ಆ ದಿವಂಗತ ಲೇಖಕರು ಪ್ರತಿ ಚಳಿಗಾಲ ಅಲ್ಲಿಗೆ ಬಂದು ಬರೆಯುತ್ತಿದ್ದರು. ಅಮ್ಮ ಅವರನ್ನು ಮೇಷ್ಟ್ರೇ ಎನ್ನುತ್ತಿದ್ದಳು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನನ್ನ ಅಣ್ಣ ಕಾಜುಮಾ ಸೀಮೆಎಣ್ಣೆ ತರುತ್ತೇನೆಂದು ಹೋದವನು ಬರಲಿಲ್ಲ. ಸೈಕಲ್ಲು ರೈಲ್ವೆ ನಿಲ್ದಾಣದ ಮುಂದೆ ಸಿಕ್ಕಿತು, ಖಾಲಿ ಡಬ್ಬ ಅದರ ಹಿಂದೆಯೇ ಕಟ್ಟಿತ್ತು. ಅಂದಿನಿಂದ ಅಮ್ಮ ದಿನಾ ಬೆಳಗ್ಗೆ ಅವನ ಪಾಲಿನ ಊಟವನ್ನು ಬಡಿಸಿ, ಮುಚ್ಚಳ ಹಾಕಿ, ಊಟದ ಮೇಜಿನಲ್ಲಿ ಅವನ ಜಾಗದಲ್ಲೇ ಇಡುತ್ತಿದ್ದಳು. ದೂರ ಹೋದವರು ಹಸಿದಿರಬಾರದೆಂದು ಮನೆಯಲ್ಲಿ ಇಡುವ ಈ ತಟ್ಟೆಗೆ ನಮ್ಮಲ್ಲಿ ಕಗೆಜೆನ್ ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದರೆ ಒಳಗೆ ಹನಿ ಕೂತಿರಬೇಕು. ಕೂತಿದ್ದರೆ ಆತ ಬದುಕಿದ್ದಾನೆ.

ಬಿಸಿ ಅನ್ನ ಮುಚ್ಚಿಟ್ಟರೆ ಹನಿ ಕೂರದೆ ಇರುತ್ತದೆಯೇ ಎಂದು ನೀವು ನಗಬಹುದು. ನಾನೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಮೇಷ್ಟ್ರೂ ಒಮ್ಮೆ ಕೇಳಿದ್ದರು, ಸಾರು ಕುಡಿಯುತ್ತಾ, ಮೆಲ್ಲಗೆ:

“ದಿನಾ ಹನಿ ಕೂತಿರುತ್ತಾ ಅಮ್ಮ, ತಪ್ಪದೆ?”

“ಅನ್ನ ಬಿಸಿಯಾಗಿ ಇಡೋದು ನನ್ ಕೈಲಿದೆಯಲ್ಲ ಮೇಷ್ಟ್ರೇ,” ಎಂದಳು ಅಮ್ಮ.

ಅವರು ಮತ್ತೆ ಕೇಳಲಿಲ್ಲ. ಮುಂದಿನ ವರ್ಷದ ಪುಸ್ತಕದಲ್ಲಿ ಅವರ ಕಥಾನಾಯಕ, ಆ ನಿವೃತ್ತ ಇನ್‌ಸ್ಪೆಕ್ಟರು, ಉಳಿದುಕೊಳ್ಳುವ ವಸತಿಗೃಹಕ್ಕೆ ಒಬ್ಬ ಒಡತಿ ಬಂದಳು, ಅವಳ ಕಾಣೆಯಾದ ಮಗ ಬಂದ, ತಟ್ಟೆ ಬಂತು. ಆಮೇಲೆ ಬಂದ ಪ್ರತಿ ಪುಸ್ತಕದಲ್ಲೂ ಇನ್‌ಸ್ಪೆಕ್ಟರು ಊರಿನ ಕೊಲೆಗಳನ್ನೆಲ್ಲ ಭೇದಿಸಿದರು, ಒಡತಿಯ ಮಗನ ವಿಷಯವೊಂದನ್ನು ಮಾತ್ರ ಮುಟ್ಟಲಿಲ್ಲ. ಆದರೆ ಮೇಷ್ಟ್ರು ಹೋದ ಹೋದ ಊರಲ್ಲೆಲ್ಲ ಕಾಜುಮಾನ ಫೋಟೊ ತೋರಿಸಿ ವಿಚಾರಿಸುತ್ತಿದ್ದರು. ಪೊಲೀಸರು “ವಯಸ್ಸಿಗೆ ಬಂದ ಹುಡುಗ, ತಾನಾಗೇ ಹೋಗಿದ್ದಾನೆ” ಎಂದು ಕೈ ತೊಳೆದುಕೊಂಡ ಮೇಲೂ ಹುಡುಕುತ್ತಿದ್ದವರು ಅವರೊಬ್ಬರೇ.

ಅವರು ತೀರಿಕೊಂಡರು. ನೀವು ಇಬ್ಬರು ಹೊಸ ಲೇಖಕರನ್ನು ನೇಮಿಸಿದಿರಿ. ಸಂತೋಷ. ಬೇರೆಯವರು ಮುಂದುವರಿಸುವುದೇ ಪಾಪವೆಂದು ವಾದಿಸುವವಳಲ್ಲ ನಾನು. ಇನ್‌ಸ್ಪೆಕ್ಟರಿಲ್ಲದ ಚಳಿಗಾಲ ನನಗೂ ಬೇಡ. ಅವರು ಚಹಾ ಬಿಟ್ಟು ಕಾಫಿ ಕುಡಿಯತೊಡಗಿದ್ದನ್ನು ಸಹಿಸಿದೆ, ಮೊಣಕಾಲು ನೋವು ರಾತ್ರೋರಾತ್ರಿ ವಾಸಿಯಾಗಿ ಛಾವಣಿಯಿಂದ ಛಾವಣಿಗೆ ಹಾರಿದ್ದನ್ನೂ ಸಹಿಸಿದೆ. ಆದರೆ ಬರಲಿರುವ ಪುಸ್ತಕದ ಮೊದಲ ಅಧ್ಯಾಯವನ್ನು ಮಾದರಿಗೆಂದು ಅಚ್ಚು ಹಾಕಿದಿರಲ್ಲ, ಅದರಲ್ಲಿ ಒಡತಿಯ ತಟ್ಟೆ ಎಲ್ಲಿದೆ? ಮನೆಯಲ್ಲಿ ಸತ್ತವರನ್ನು ಪೂಜಿಸುವ ಪೀಠದ ಮುಂದೆ. ಊಟದ ಕಡ್ಡಿಗಳು ಎಲ್ಲಿವೆ? ಅನ್ನದ ಗುಪ್ಪೆಯ ನಡುವೆ, ನೆಟ್ಟಗೆ ನಿಂತಿವೆ. ಸ್ವಾಮಿ, ಹಾಗೆ ಕಡ್ಡಿ ನೆಡುವುದು ಯಾರಿಗೆ? ನಿಮ್ಮ ಲೇಖಕರ ಅಜ್ಜಿಯಂದಿರು ಅವರಿಗೆ ಒಮ್ಮೆಯೂ ಕೈಮೇಲೆ ಹೊಡೆದು ಹೇಳಲಿಲ್ಲವೇ? ಅವರು ಶವದ ತಲೆದೆಸೆಯ ಅನ್ನವನ್ನು ಎಲ್ಲೋ ನೋಡಿದ್ದಾರೆ, ಕಾಯುವವರ ಅನ್ನವನ್ನು ನೋಡಿಲ್ಲ. ಎರಡನ್ನೂ ಕಲಸಿ ಒಂದೇ ಬಟ್ಟಲಿಗೆ ಹಾಕಿದ್ದಾರೆ. ನಿಮ್ಮ ಇಡೀ ಕಚೇರಿಯಲ್ಲಿ ಒಬ್ಬರಾದರೂ ತಡೆಯಬಾರದಿತ್ತೇ? ನೀವು ಬಡಿಸಿದ್ದು ಊಟವಲ್ಲ, ಎಡೆ.

ಅದರ ಕೆಳಗೇ ದಪ್ಪ ಅಕ್ಷರದ ಜಾಹೀರಾತು: “ಒಡತಿಯ ಮಗನ ರಹಸ್ಯ ಕೊನೆಗೂ ಬಯಲು! ಲೇಖಕರು ಕೊನೆಯುಸಿರಿಗೆ ಮುನ್ನ ನಮಗೆ ತಿಳಿಸಿಹೋದ ಸತ್ಯ!”

ನಾನು ಹೆರಿಗೆಗೆಂದು ತವರಿಗೆ ಬಂದವಳು. ಮಗಳು ನಾಗಿ ಹುಟ್ಟಿ ತಿಂಗಳು ತುಂಬಿದೆಯಷ್ಟೇ. ಅವಳಿಗೆ ಹಾಲು ಕುಡಿಸುತ್ತಿದ್ದಾಗ ಅಮ್ಮ ಪತ್ರಿಕೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

“ಚಿನಾತ್ಸು, ಇದು ಮೇಷ್ಟ್ರು ಬರ್ದಿದ್ದಲ್ಲ ಅಲ್ವೇನೇ?”

“ಅಲ್ಲಮ್ಮ, ಹೊಸಬ್ರು.”

“ಹೊಸಬ್ರಿಗೆ ಮೇಷ್ಟ್ರು ಹೇಳಿದ್ದಾರೆ ಹಾಗಾದ್ರೆ.”

“ಏನನ್ನ?”

“ನೋಡು, ಕಡ್ಡಿ ಹೆಂಗೆ ನೆಟ್ಟಿದ್ದಾರೆ. ಮೇಷ್ಟ್ರಿಗೆ ಎಲ್ಲೋ ಸುದ್ದಿ ಸಿಕ್ಕಿತ್ತು ಕಣೇ. ನನ್ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ ಪಾಪ. ಅವರಿಗೆ ಹೇಳಿ ಹೋದ್ರು.”

“ಅಮ್ಮಾ, ಅವರಿಗೆ ಬರೆಯೋಕೆ ಬರಲ್ಲ, ಅಷ್ಟೇ! ತಪ್ಪು ಬರ್ದಿದ್ದಾರೆ!”

“ಟೋಕಿಯೋದಲ್ಲಿ ಅಷ್ಟೊಂದು ಓದಿದೋರು ಕಡ್ಡಿ ಇಡೋದ್ರಲ್ಲಿ ತಪ್ತಾರೇನೇ? ಸುಮ್ನಿರು, ಮಗು ಬೆಚ್ಚಿಬೀಳುತ್ತೆ.”

ಮಾರನೆಯ ಬೆಳಗ್ಗೆ ಅಣ್ಣನ ಜಾಗದಲ್ಲಿ ತಟ್ಟೆ ಇರಲಿಲ್ಲ. ಅಮ್ಮ ಅನ್ನ ಮಾಡುವುದನ್ನೇ ಬಿಟ್ಟು ಒಣ ಬ್ರೆಡ್ಡು ತಿನ್ನುತ್ತಿದ್ದಾಳೆ. ತನ್ನ ಒಳ್ಳೆಯ ಕಿಮೊನೊಗಳನ್ನು ಹರಡಿಕೊಂಡು ಯಾವುದು ನನಗೆ, ಯಾವುದು ಅತ್ತಿಗೆಗೆ ಎಂದು ಹಂಚುತ್ತಿದ್ದಾಳೆ. ಯಾವ ಅತ್ತಿಗೆ? ಅಣ್ಣನಿಗೆ ಎಲ್ಲೋ ಮದುವೆಯಾಗಿರಬಹುದು, ಆ ಹುಡುಗಿ ಈಗ ಒಂಟಿಯಾಗಿರುತ್ತಾಳೆ ಎಂದು ಮರುಗುತ್ತಾಳೆ. ಎದುರುಮನೆಯ ಮೀನು ಮಾರುವ ಸುಗವಾರಾ ಅಜ್ಜಿ ಎಂದಿನಂತೆ ಬಾಗಿಲಲ್ಲೇ ನಿಂತು, “ಏನೇ ತೊಮೊಯೊ, ನಿನ್ ಮಗನ್ನ ಪುಸ್ತಕದೋರು ಪತ್ತೆ ಮಾಡಿದ್ರಂತೆ? ನಮ್ ಪೊಲೀಸ್ರಿಗೂ ಒಂದೊಂದು ಪ್ರತಿ ಕೊಡ್ಸು!” ಎಂದು ರೇಗಿಸಿದಳು. ನಗಿಸಲೆಂದೇ ಅಂದದ್ದು. ಅಮ್ಮ ನಡು ಬಗ್ಗಿಸಿ ವಂದಿಸಿ, “ಇಷ್ಟು ದಿನ ನಿಮಗೂ ತೊಂದ್ರೆ ಕೊಟ್ಟೆ,” ಎಂದಳು. ಅಜ್ಜಿ ಮೀನಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಕಣ್ಣೊರೆಸಿಕೊಳ್ಳುತ್ತಾ ಹೋದಳು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ಸಭ್ಯ ದನಿಯ ಒಬ್ಬರು, “ಮೇಡಂ, ಅದು ಕಾಲ್ಪನಿಕ ಪಾತ್ರ,” ಎಂದರು. ಹಾಗಾದರೆ ಲೇಖಕರು ತಿಳಿಸಿಹೋದ ಸತ್ಯ ಯಾವುದು ಎಂದೆ. “ಅದು ಪ್ರಚಾರದ ಮಾತು ಮೇಡಂ,” ಎಂದರು. ತಟ್ಟೆಯ ವಿಷಯ ಕೇಳಿದೆ. “ದೃಶ್ಯಕ್ಕೆ ಒಂದು ಗಾಂಭೀರ್ಯ ಬರಲಿ ಅಂತ.” ಮಗು ಅಳುತ್ತಿತ್ತು, ನಾನೂ ಅಳುತ್ತಿದ್ದೆ, ಅವರು ನಮ್ಮಿಬ್ಬರಿಗೂ ಧನ್ಯವಾದ ಹೇಳಿ ಫೋನ್ ಇಟ್ಟರು.

ಸಂಪಾದಕರೇ, ನನಗೆ ನಿದ್ದೆಯಿಲ್ಲ. ಮಗು ಅತ್ತರೆ ನಿದ್ದೆಯಿಲ್ಲ. ಅಳದೆ ಮಲಗಿದರಂತೂ ಇಲ್ಲವೇ ಇಲ್ಲ, ಮೂಗಿನ ಕೆಳಗೆ ಬೆರಳಿಟ್ಟು ಉಸಿರು ತಾಗುವವರೆಗೆ ಕಾಯುತ್ತೇನೆ. ತಾಗಿದ ಮೇಲೂ ಇನ್ನೊಮ್ಮೆ ಇಡುತ್ತೇನೆ. ಕಾಲೇಜಿನ ರಸಾಯನಶಾಸ್ತ್ರ ಈಗ ಯಾವ ಸಹಾಯಕ್ಕೂ ಬರುತ್ತಿಲ್ಲ. ಅಮ್ಮ ಇಷ್ಟು ವರ್ಷ ಮುಚ್ಚಳ ತೆಗೆದು ನೋಡುತ್ತಿದ್ದದ್ದು ಏನನ್ನೆಂದು ನನಗೆ ಈಗ ತಿಳಿಯಿತು. ಅಣ್ಣ ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ತಟ್ಟೆಯಿಂದ ಅಮ್ಮನಂತೂ ಬದುಕಿದ್ದಳು. ಕಥೆಯಲ್ಲಿ ಒಂದು ಹೆಣ ಕಡಿಮೆಯಾದರೆ ನಿಮ್ಮ ಪುಸ್ತಕ ಮುಳುಗಿಹೋಗುತ್ತದೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ಪುಸ್ತಕ ಅಚ್ಚಾಗುವ ಮುನ್ನ ಆ ಅಧ್ಯಾಯ ತಿದ್ದಿಸಿ, ಆಗದಿದ್ದರೆ ಹೋಗಲಿ, ನಿಮ್ಮ ಇಷ್ಟ. ಆದರೆ ನಮ್ಮ ಅಮ್ಮ ತೊಗಾಶಿ ತೊಮೊಯೊ ಅವರ ಹೆಸರಿಗೆ ನಿಮ್ಮ ಕೈಯಾರೆ ಎರಡು ಸಾಲು ಬರೆಯಲೇಬೇಕು: ಲೇಖಕರು ನಮಗೆ ಏನನ್ನೂ ಹೇಳಿಹೋಗಿಲ್ಲ, ಕಡ್ಡಿ ನೆಟ್ಟದ್ದು ನಮ್ಮ ಅಜ್ಞಾನ. ಮುದ್ರೆಯೊತ್ತಿ, ಗುರುಗಳು ನಮ್ಮ ಹೊಸ್ತಿಲು ದಾಟುವ ಮೊದಲು ತಲುಪಿಸಿ. ನನ್ನ ಮಾತನ್ನು ಅವಳು ಕೇಳುವುದಿಲ್ಲ, ನಾನು ಮಗಳು, ಸಮಾಧಾನಕ್ಕೆ ಹೇಳುತ್ತೇನೆ ಎಂದುಕೊಳ್ಳುತ್ತಾಳೆ. ನೀವು ಹೇಳಿದರೆ ನಂಬುತ್ತಾಳೆ. ಸುಳ್ಳು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಅವನ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ, ಅದು ನಿಜ. ಆ ನಿಜವನ್ನು ಒಪ್ಪಿಕೊಳ್ಳಲು ನಿಮಗೆ ನಾಚಿಕೆಯಾಗಬಹುದು. ಆದರೆ ಈ ಮನೆಯಲ್ಲಿ ಒಬ್ಬಳು ಆ ಎರಡು ಸಾಲನ್ನು ಎದೆಗೊತ್ತಿಕೊಂಡು ಅಳುತ್ತಾಳೆ, ಆಮೇಲೆ ಎದ್ದು ಅಕ್ಕಿ ತೊಳೆಯುತ್ತಾಳೆ.

ಇಂತಿ,
ಇಷ್ಟಾದರೂ ನಿಮ್ಮ ಮುಂದಿನ ಪುಸ್ತಕ ಕೊಂಡು ಓದದೆ ಇರಲಾರದ ನಿರ್ಭಾಗ್ಯಳು,
ತೊಗಾಶಿ ಚಿನಾತ್ಸು
ಸಕತಾ