ಚಾಂದನಿಯ ಐದು ತಿಂಗಳು

೧೪-೧೦-೨೦೨೫, ಮಂಗಳವಾರ

ಚಾಂದನಿಯ ಅರ್ಜಿ ವಾಪಸ್ ಬಂತು. ನನ್ನ ಹೆಂಡತಿಗೆ ಈ ದೇಶದ ಪೌರತ್ವ ಸಿಗಲೆಂದು ಎರಡು ವರ್ಷ ಕಾದದ್ದು ನೀರುಪಾಲಾಯಿತು.

ಬಳ್ಳಾರಿ ಜಿಲ್ಲಾಧಿಕಾರಿ ಕಚೇರಿಯ ಮಧುಸೂದನ ಸಾಹೇಬರು ಫೈಲು ತೋರಿಸಿದರು. "ಅರ್ಜಿ ಹಾಕಿದಾಗ ಈ ದೇಶದಾಗ ಇದ್ದು ಏಳು ವರ್ಷ ತುಂಬಿದ್ದಿಲ್ಲಪ್ಪ. ನಡುವ ಐದು ತಿಂಗಳು ಶ್ರೀಲಂಕಾದಾಗ ಇದ್ದು ಬಂದಾಳ. ಯಾಕ ಕಳ್ಸಿದಿ?"

"ಚೊಚ್ಚಲ ಬಾಣಂತನ ರೀ. ತವರಿಗೆ ಕಳಸ್ಲಿಲ್ಲಂದ್ರ ಮಂದಿ ಏನಂತಾರ್ರಿ?"

"ಮಂದಿ ಬಂದು ಸಹಿ ಮಾಡಂಗಿಲ್ಲಲೋ."

ಅವರದೇನೂ ತಪ್ಪಿಲ್ಲ. ಆಗ ಚಾಂದನಿಯೇ ಬೇಡ ಎಂದಿದ್ದಳು. ಹಟ ಹಿಡಿದವರು ನಾನು ಮತ್ತು ಅವ್ವ.

ಹೊಸ ಅರ್ಜಿಗೆ ಕಾಗದ ಕೂಡಿಸಲು ನಾಲ್ಕು ತಿಂಗಳು ಬೇಕಂತೆ. ಅಷ್ಟರೊಳಗೆ ಅವಳು ದೇಶ ಬಿಟ್ಟರೆ ಮತ್ತೆ ಪೂರಾ ಒಂದು ವರ್ಷ ಇಲ್ಲೇ ಇದ್ದು ತೋರಿಸಬೇಕು. ಆಮೇಲೆ ಕಾಯುವುದು ಬೇರೆ. ಅಲ್ಲಿ ಅವಳ ತಾಯಿಗೆ ಡಾಕ್ಟರು ಹೇಳಿರುವುದು ಮೂರೇ ವಾರ.

ಸಿರುಗುಪ್ಪದಲ್ಲಿ ಬಸ್ಸಿಳಿದು ಮನೆಗೆ ಬಂದು ಎಲ್ಲ ಹೇಳಿದೆ. ಅವ್ವ, "ಹೆತ್ತಾಕಿ ಹೊಂಟಾಳ, ಕಳಸಲೇ" ಎಂದಳು. ಚಾಂದನಿ ನನ್ನನ್ನೇ ನೋಡಿದಳು. "ನೀವ ಹೇಳ್ರಿ, ಹೋಗ್ಲೋ ಬ್ಯಾಡೋ?"

ಹೋದವಳಿಗೆ ವೀಸಾ ಕೊಡದೆ ತಿರುಗಿ ಬರಲು ಬಿಡದಿದ್ದರೆ? ಮಗಳು ಯಶೋಧರಾಗೆ ಇನ್ನೂ ಏಳು ವರ್ಷ. ವಾಪಸ್ ಬಂದ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿದೆ.

ಅವಳು ಹಿತ್ತಲಿಗೆ ಹೋಗಿ ತಾಯಿಗೆ ಫೋನ್ ಮಾಡಿದಳು. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಬರುತ್ತೇನೆ ಎಂದಳೋ, ಬರುವುದಿಲ್ಲ ಎಂದಳೋ, ತಿಳಿಯಲಿಲ್ಲ. ನಮ್ಮ ಮಾತನ್ನು ಅವಳು ಆರು ತಿಂಗಳಲ್ಲಿ ಕಲಿತಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವಳ ಮಾತು ನನಗೆ ಬರುವುದಿಲ್ಲ.

ಈಗ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ತಾಯಿಗೆ ಏನು ಹೇಳಿದೆ ಎಂದು ನಾನಿನ್ನೂ ಕೇಳಿಲ್ಲ. ಕೇಳಿದರೆ, ನಾನೇನು ಹೇಳಿದ್ದೆ ಎಂದು ಅವಳೂ ಕೇಳಿಯಾಳು.