ಪ್ರಭುವಿನ ತಣ್ಣನೆ ಕೋಣೆ

ಮಾರ್ಚ್ ೪, ಬೆಳಿಗ್ಗೆ

ಎದ್ದ ಕೂಡಲೇ ಪ್ರಭುವಿನ ಹಣೆ ಮುಟ್ಟಿ ನೋಡಿದೆ. ತಣ್ಣಗಿದೆ. ಒದ್ದೆ ಬನಿಯನ್ ಹಾಕಿ ಮಾವನ ಕೈಗೆ ಕೊಟ್ಟು ಅಂಗನವಾಡಿಗೆ ಹೊರಡಬೇಕು. ಮತ್ತೋಡಿನ ಮಕ್ಕಳೆಲ್ಲ ನನ್ನ ಹತ್ತಿರ, ನನ್ನ ಮಗ ಮಾತ್ರ ಅಜ್ಜನ ಹತ್ತಿರ... ಎರಡೂವರೆ ವರ್ಷವಾಯಿತು, ಒಂದು ಹನಿ ಬೆವರಿಲ್ಲ. ಹುಟ್ಟಿನಿಂದಲೇ ಹಾಗೆ. ಬಿಸಿಲೇರಿದರೆ ಮೈ ಕೆಂಡ. ದಾವಣಗೆರೆ ಡಾಕ್ಟರು ಹೇಳಿದ್ದು ಒಂದೇ ಮಾತು — ಔಷಧಿ ಇಲ್ಲ, ತಂಪಾದ ಕೋಣೆಯೇ ಔಷಧಿ.

ಮಾರ್ಚ್ ೯

ಎಸಿ ಬಂತು! ನಮ್ಮ ಯಜಮಾನರು ಕುರಿಮರಿಗಳ ಜೊತೆಗೆ ಸಾಕಿದ ಟಗರನ್ನೂ ಮಾರಿದರು. ಒಂದೂವರೆ ಟನ್, ಇನ್ವರ್ಟರ್, ಹಾಟ್ ಅಂಡ್ ಕೋಲ್ಡ್. ಸ್ಟೆಬಿಲೈಜರ್ ಬೇರೆ. ಮೇಲೆ ಶೀಟು ಇರುವುದರಿಂದ ಒಂದು ಟನ್ ಸಾಲದಂತೆ. ಫಿಟ್ಟಿಂಗಿಗೆ ಬಂದ ತಿಮ್ಮೇಶನನ್ನು ಮಾವ ಬಿಡಲೇ ಇಲ್ಲ.

"ಅಷ್ಟೊಂದು ತಂಪು ಎಲ್ಲಿಂದ ತರ್ತೈತಪ್ಪ ಇದು?"

"ಎಲ್ಲಿಂದಾನೂ ತರಲ್ಲ ಅಜ್ಜ. ಒಳಗಿನ ಬಿಸಿ ಎತ್ತಿ ಈ ಹೊರಗಿನ ಪೆಟ್ಟಿಗೇಲಿ ಆಚೆ ಹಾಕ್ತೈತೆ. ಚಳೀಲಿ ಉಲ್ಟಾ."

ಮಾವ ಪೆಟ್ಟಿಗೆಯ ಮುಂದೆ ಅಂಗೈ ಹಿಡಿದು, "ಅಯ್ಯೋ ಪಾಪ, ಸುಡ್ತೈತಲ್ಲ ಇದು" ಎಂದರು. ನಕ್ಕು ನಕ್ಕು ಸಾಕಾಯಿತು. ಪ್ರಭು ಹೊದ್ದು ಮಲಗಿದ್ದಾನೆ. ಮಾರ್ಚ್ ತಿಂಗಳಲ್ಲಿ — ಹೊದ್ದು!

ಮಾರ್ಚ್ ೧೭

ತೋಟಗಳಿಗೆ ತ್ರೀ ಫೇಸ್ ಕೊಟ್ಟ ಕೂಡಲೇ ಎಲ್ಲರ ಮೋಟರೂ ಶುರು. ವೋಲ್ಟೇಜ್ ಬೀಳುತ್ತದೆ, ಎಸಿ ನಿಲ್ಲುತ್ತದೆ. ಮತ್ತೆ ಶುರುವಾಗುವವರೆಗೆ ಮಾವ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿರುತ್ತಾರೆ. ಇವರು ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರು. ಕರೆಂಟ್ ಬಿಲ್ಲಿಗೆ ನನ್ನ ಗೌರವಧನ ಹೋಗಲಿ. ಹೇಗೋ ನಡೆಯುತ್ತಿದೆ.

ಮಾರ್ಚ್ ೨೬, ಆಸ್ಪತ್ರೆ

ಈಗ ಜ್ವರ ನೂರೆರಡಕ್ಕೆ ಇಳಿದಿದೆ. ಕಣ್ಣು ಬಿಟ್ಟಿಲ್ಲ.

ಹೊರಗಿನ ಪೆಟ್ಟಿಗೆ ಬಿಸಿಲಲ್ಲಿ ಸುಡುತ್ತಿದೆ ಎಂದು ಮಾವ ತಮ್ಮ ಕಂಬಳಿಯನ್ನು ನೆನೆಸಿ ಅದಕ್ಕೆ ಹೊದಿಸಿದ್ದಾರೆ. ಬಿಸಿ ಆಚೆ ಹೋಗಲು ದಾರಿಯೇ ಇಲ್ಲ. ಮಿಷಿನ್ ನಿಂತಿದೆ. ಒಳಗೆ ಬಾಗಿಲು ಹಾಕಿದ ಕೋಣೆಯಲ್ಲಿ ಮಗು, ಹೊರಗೆ ಕಂಬಳಿಗೆ ನೀರು ಚಿಮುಕಿಸುತ್ತ ಮಾವ. ನಾನು ಬಂದು ಬಾಗಿಲು ತೆಗೆದಾಗ ಪ್ರಭುವಿಗೆ ಫಿಟ್ಸ್...

"ಕುರೀಗೆ ನೆಳ್ಳು ಮಾಡ್ದಂಗೆ ಮಾಡಿದ್ನವ್ವ. ತಂಪಾಗಿದ್ರೆ ಚೆನ್ನಾಗಿ ಓಡ್ತೈತೆ ಅನ್ಕಂಡೆ."

ಬಾಯಿಗೆ ಬಂದಂತೆ ಬಯ್ದೆ. ವಾರ್ಡಿನವರೆಲ್ಲ ನೋಡುತ್ತಿದ್ದರು.

ಮಾರ್ಚ್ ೩೧

ಪ್ರಭು ಉಳಿದ. ಕಂಪ್ರೆಸರ್ ಹೋಯಿತು. ರಿಪೇರಿಗೆ ಅರ್ಧ ಎಸಿಯ ದುಡ್ಡು.

ಚಿತ್ರದುರ್ಗದಲ್ಲಿ ಯಶೋದಕ್ಕನ ಮನೆ ಆರ್‌ಸಿಸಿ. ಎಸಿ ಇದೆ, ಕರೆಂಟೂ ಬೀಳುವುದಿಲ್ಲ. ನನ್ನ ಒಡಹುಟ್ಟಿದ ಅಕ್ಕ, ಅವಳಿಗೆ ಮಕ್ಕಳಿಲ್ಲ. "ಮಳೆ ಬೀಳೋಗಂಟ ನನ್ ಹತ್ರ ಇರ್ಲಿ ಕಣೇ" ಎಂದಳು. ನಾನೂ ಅಲ್ಲೇ ಉಳಿಯುವ ಹಾಗಿಲ್ಲ. ಕೆಲಸ ಬಿಟ್ಟರೆ ರಿಪೇರಿ ಎಲ್ಲಿಂದ? ಅವನು ನಿದ್ದೆ ಹೋದ ಮೇಲೆ ಬಿಟ್ಟು ಬಂದೆ. ಬಸ್ಸಿನಲ್ಲಿ ಮಡಿಲು ಹಗುರ, ಅದೇ ತಡೆಯಲಾಗಲಿಲ್ಲ.

ಏಪ್ರಿಲ್ ೧೩, ರಾತ್ರಿ

ಎರಡನೇ ಸಲ ಅಕ್ಕನ ಮನೆಗೆ ಹೋಗಿ ಇಡೀ ದಿನ ಅವನ ಜೊತೆ ಇದ್ದೆ. ಹೊರಡುವಾಗ ಕೊರಳಿಗೆ ಜೋತುಬಿದ್ದ. ಬಿಡಿಸಿಕೊಂಡು ಬಂದೆ. ಈಗ ಅಕ್ಕನ ಫೋನು.

"ಅತ್ತೂ ಅತ್ತೂ ಮೈಯೆಲ್ಲ ಕಾದೋಗಿತ್ತು ಮಮತಾ. ಎಸಿ ಹದಿನೆಂಟಕ್ಕಿಟ್ರೂ ಇಳೀಲಿಲ್ಲ, ಇಂಜೆಕ್ಷನ್ ಹಾಕ್ಸಿದ್ವಿ. ಹೋದ್ಸಲಾನೂ ಹಿಂಗೇ ಆಗಿತ್ತು. ಸ್ವಲ್ಪ ದಿನ ಬರ್ಬೇಡ ಕಣೇ..."

ಯಾರ ಮನೆಯ ನ್ಯಾಯ ಇದು? ತಾಯಿ ಬಂದರೆ ಮಗುವಿಗೆ ಜ್ವರ. ಅಕ್ಕನ ಮೇಲೆ ಕೂಗಾಡಿದೆ. ಅವಳೂ ಅಳುತ್ತಿದ್ದಳು.

ಮೇ ೧೮

ತಡೆಯಲಾಗದೆ ಹೋದೆ. ಮುಖ ತೋರಿಸಲಿಲ್ಲ. ಅಕ್ಕನ ಮನೆ ಪಕ್ಕದ ಸಂದಿಯಲ್ಲಿ ನಿಂತು ಕಿಟಕಿಯಿಂದ ನೋಡಿದೆ. ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ನನ್ನ ಪಕ್ಕದಲ್ಲೇ ಎಸಿಯ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಉಗುಳುತ್ತಿತ್ತು. ಒಳಗಿನ ಬಿಸಿಯೇ ತಾನೆ ಇದು, ಅದರಲ್ಲಿ ನನ್ನ ಕಂದನ ಮೈಯ ಬಿಸಿಯೂ ಇರಬೇಕಲ್ಲ. ಸೆರಗು ಒಡ್ಡಿ ನಿಂತುಕೊಂಡೆ. ಆಚೆ ಮನೆಯವರು "ಯಾರಮ್ಮ ನೀವು, ಯಾರು ಬೇಕಾಗಿತ್ತು?" ಎಂದರು. ಯಾರೂ ಇಲ್ಲ ಎಂದು ಬಂದೆ.

ಜೂನ್ ೨೯

ಮಳೆ ಬಿದ್ದಿದೆ. ಕಂಪ್ರೆಸರ್ ಹಾಕಿಸಿದ್ದಾಯಿತು, ಮೋಟರ್ ಓಡುವ ಹೊತ್ತಿಗೂ ತಡೆಯುವ ದೊಡ್ಡ ಸ್ಟೆಬಿಲೈಜರ್ ಕೂಡ. ಇವರು ಕೋಣೆ ಗುಡಿಸಿ ಸುಣ್ಣ ಬಳಿದರು. "ಕರ್ಕಂಡೇ ಬಾ" ಎಂದರು. ಮಾವ ಬಸ್ ಸ್ಟ್ಯಾಂಡಿನವರೆಗೂ ಬರುತ್ತಾರಂತೆ.

ಜೂನ್ ೩೦, ಅಕ್ಕನ ಮನೆ, ಮಧ್ಯಾಹ್ನ

ಬಾಗಿಲು ತೆಗೆದವನು ಅವನೇ. ಕೆನ್ನೆ ತುಂಬಿಕೊಂಡಿದೆ. ನನ್ನನ್ನು ನೋಡಿ ನಕ್ಕ ಕೂಡ. ಎತ್ತಿಕೊಳ್ಳಲು ಬಗ್ಗಿದೆ. ಒಳಗೆ ತಿರುಗಿ ಕೂಗಿದ —

"ಅಮ್ಮಾ, ಚಿಕ್ಕಮ್ಮ ಬಂತು!"

ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಮುಖ ಬಿಳುಚಿಕೊಂಡಿತ್ತು. "ನಾನು ಹೇಳ್ಕೊಟ್ಟಿದ್ದಲ್ಲ ಕಣೇ, ದೇವ್ರಾಣೆ... ಲೇ ಪ್ರಭು, ನಿಮ್ಮಮ್ಮ ಕಣೋ ಅದು. ಅಮ್ಮ ಅನ್ನು." ಅವನು ಅವಳ ಸೀರೆ ಹಿಡಿದು ಹಿಂದೆ ಸರಿದ. ತುಟಿ ಸೊಟ್ಟಗಾಯಿತು. ಇನ್ನೇನು ಅಳುತ್ತಾನೆ. ಅತ್ತರೆ ಮೈ ಕಾಯುತ್ತದೆ.

"ಬಿಡಕ್ಕ" ಎಂದೆ. "ಹೂಂ ಕಣಪ್ಪ. ಚಿಕ್ಕಮ್ಮನೇ. ಚಿಕ್ಕಮ್ಮ ಬಂದೀನಿ."

ಅಳಲಿಲ್ಲ. ಹತ್ತಿರ ಬಂದು, ನನ್ನ ಬ್ಯಾಗಿನಲ್ಲಿ ಏನಿದೆ ಎಂದು ಕೈ ಹಾಕಿದ. ಹಣೆ ಮುಟ್ಟಿ ನೋಡಿದೆ, ತಣ್ಣಗಿದೆ.