ಕಮಲಾಪುರದಲ್ಲಿ ಕುಳಿತು ಚೀನಾದ ಕ್ಷಿಪಣಿ ಎಣಿಸಿದ್ದು

ನನ್ನ ಕಂಟ್ರೋಲರ್ ಅಪ್ಪಾ,

ಗೆದ್ದೆ! ಹೇಗೆ ಗೆದ್ದೆ ಅಂತ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ. ಬದುಕಿದ್ದಾಗ ನನ್ನ ಮಾತು ಒಂದು ದಿನವಾದರೂ ಪೂರ್ತಿ ಕೇಳಿದ್ದೀಯಾ?

ಪಿಎಚ್‌ಡಿಗೆ ವಿಷಯ ಸಿಕ್ಕ ದಿನ ಕಲಬುರಗಿಯಿಂದ ನೇರ ಕಮಲಾಪುರ ಬಸ್ ಸ್ಟ್ಯಾಂಡಿಗೇ ಓಡಿ ಬಂದಿದ್ದೆ. ನೀನು ನಿನ್ನ ಪುಟ್ಟ ಕೋಣೆಯಲ್ಲಿ ಬಂದುಹೋಗುವ ಬಸ್ಸುಗಳ ಟೈಮು ಬರೆಯುತ್ತಿದ್ದೆ. "ಚೀನಾದವರ ಹತ್ರ ಎಷ್ಟು ಕ್ಷಿಪಣಿ ಅವ, ಯಾವ್ಯಾವ ನಮೂನಿವು ಅವ ಅಂತ ಅಂದಾಜು ಮಾಡೂದು ಅಪ್ಪಾ" ಅಂದೆ. ಚಹಾ ತಂದಿದ್ದ ಖಾಜಾ ಚಾಚಾ ಹೊಟ್ಟೆ ಹಿಡಿದು ನಕ್ಕ. "ಯಾ ಅಲ್ಲಾ! ಹುಮನಾಬಾದ್ ಬಸ್ ಎಷ್ಟೊತ್ತಿಗಿ ಬರ್ತದಂತ ನಿಮ್ಮಪ್ಪಗೇ ಗೊತ್ತಿಲ್ಲ. ನೀ ಚೀನಾಕ್ಕ ಹೋಗಿ ಎಣಿಸ್ತೀಯೇನ್ ಬೇಟಿ?" ನೀನು ಮಾತ್ರ ನಗಲಿಲ್ಲ. "ಹೋಗೂದು ಯಾಕ? ಇಲ್ಲೇ ಕುಂತು ಎಣಿಸ್ತಾಳ" ಅಂದೆ.

ಎರಡು ವರ್ಷ ಲೈಬ್ರರಿಯಲ್ಲಿ ಧೂಳು ಕುಡಿದ ಮೇಲೆ ಮೂರು ಲೇಖನ ಹಿಡಿದು ಬಂದದ್ದು ನೆನಪಿದೆಯಾ? ಮೂರರಲ್ಲೂ ಒಂದೇ ದೊಡ್ಡ ಅಂಕಿ. ಮೂರು ಮಂದಿ ಹೇಳಿದ್ದಾರೆ ಅಂದರೆ ಖರೇನೇ ಇರಬೇಕು ಅಂತ ನನ್ನ ವಾದ. "ಈ ಮೂವರಾಗ ಎಣಿಸಿದವ ಯಾವ?" ಅಂತ ನೀನು ಕೇಳಿದೆ ನೋಡು, ನಾನು ಮೂರರ ಅಡಿಟಿಪ್ಪಣಿಗಳನ್ನೂ ಮತ್ತೆ ತಿರುವಿ ನೋಡಿದೆ. ಮೂರನೆಯವನು ಎರಡನೆಯವನನ್ನು ನೋಡಿ ಬರೆದಿದ್ದ, ಎರಡನೆಯವನು ಮೊದಲನೆಯವನನ್ನು. ಮೊದಲನೆಯವರು ದಿಲ್ಲಿಯ ದೊಡ್ಡ ಪ್ರೊಫೆಸರು. ಬೇರೆ ಬೇರೆ ಊರಿನ ಫೋಟೋಗಳಲ್ಲಿ ಕಂಡ ಕ್ಷಿಪಣಿ ಲಾರಿಗಳನ್ನೆಲ್ಲ ಕೂಡಿಸಿಬಿಟ್ಟಿದ್ದರು.

ಆಮೇಲೆ ನೀನು ಮಾಡಿದ ಕಿತಾಪತಿ! ನನ್ನನ್ನು ಬೆಳಗಿನಿಂದ ಸಂಜೆಯ ತನಕ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂರಿಸಿ ಬಸ್ ಎಣಿಸಲು ಹೇಳಿದೆ. ಹತ್ತೊಂಬತ್ತು ಅಂದೆ, ಜಂಬದಿಂದ.

"ಐದು," ಅಂದೆ ನೀನು. "ಬೋರ್ಡ್ ಬದಲಿ ಆಗ್ಯಾವ, ಬಸ್ ಅವೇ. ಹಿಂದಿನ ಗಾಜು ಒಡದದ್ದನ್ನ ನಾಕು ಸಲ ಎಣಿಸೀದಿ, ನಮ್ಮವ್ವ. ರಸ್ತಾದ ಮ್ಯಾಲಿನ ಬಸ್ ಎಣಿಸಬ್ಯಾಡ. ಡಿಪೋದಾಗ ನಿಲ್ಲಾಕ ಜಾಗಾ ಎಷ್ಟದ, ಡ್ರೈವರ್ ಎಷ್ಟು ಮಂದಿ ಅದಾರ, ಅದನ್ನ ಕೇಳು."

ನಾಚಿಕೆಯಿಂದ ಸತ್ತೆ. ಆದರೆ ಮರುದಿನದಿಂದಲೇ ಆ ಲಾರಿಗಳು ನಿಲ್ಲುವ ಶೆಡ್ಡುಗಳನ್ನು, ಅವನ್ನು ನಡೆಸಲು ಕಲಿತ ಪಡೆಗಳನ್ನು ಹುಡುಕತೊಡಗಿದೆ. ಅಂಕಿ ಇಳಿಯುತ್ತಾ ಇಳಿಯುತ್ತಾ ಅರ್ಧಕ್ಕಿಂತ ಕೆಳಗೆ ಬಂತು. ಹತ್ತಿರಕ್ಕೆ ಹಾರುವವು ಎಷ್ಟು, ದೂರಕ್ಕೆ ಹಾರುವವು ಎಷ್ಟು ಎಂಬ ಪಟ್ಟಿಯಲ್ಲಿ ಎರಡು ಕಡೆ ಏನು ಮಾಡಿದರೂ ತಿಳಿಯಲಿಲ್ಲ. ಅಲ್ಲಿ 'ಗೊತ್ತಿಲ್ಲ' ಅಂತ ಬರೆದೆ.

ನೀನು ಆಸ್ಪತ್ರೆಯಲ್ಲಿದ್ದೆ. ನನ್ನ ಗೈಡ್ ಸಾಹೇಬರು ಕರೆದು ಹೇಳಿದರು: "ವೈವಾಕ್ಕ ಬರೋರು ಅದೇ ದಿಲ್ಲಿ ಪ್ರೊಫೆಸರು. ಅಂಕಿ ತಿದ್ರಿ, ಇಲ್ಲಾಂದ್ರ ಆರು ವರ್ಷದ ಕೆಲಸ ನೀರಾಗ ಹೋಗ್ತದ." ಹೆದರಿಕೆಯಾಯಿತು ಅಪ್ಪಾ, ಸುಳ್ಳು ಯಾಕೆ ಹೇಳಲಿ? ಅಳುತ್ತಾ ನಿನ್ನ ಮಂಚದ ಹತ್ತಿರ ಬಂದೆ. ತಿದ್ದಿಬಿಡಲೇ ಅಂತ ಕೇಳಿದೆ.

"ನೀ ಎಣಿಸೀದಿಯೇನು?"

"ಎಣಿಸೀನಿ."

"ಮತ್ತ?"

ಆಮೇಲೆ ನೀನು ಏನೋ ಹೇಳಲು ಬಾಯಿ ತೆರೆದಿದ್ದೆ, ಕೆಮ್ಮು ಬಂತು, ನರ್ಸ್ ನನ್ನನ್ನು ಹೊರಗೆ ಕಳಿಸಿದರು... ಏನು ಹೇಳುವವನಿದ್ದೆ ಅಪ್ಪಾ? ಎರಡು ದಿನಕ್ಕೆ ನೀನೇ ಹೊರಟುಬಿಟ್ಟೆ. ನಾನು ಒಂದು ಅಂಕಿಯನ್ನೂ ತಿದ್ದಲಿಲ್ಲ.

ವೈವಾದ ದಿನ ಅವ್ವನ ಇಳಕಲ್ ಸೀರೆ ಉಟ್ಟು ಹೋದೆ. ಪ್ರೊಫೆಸರರು ಕನ್ನಡಕದ ಮೇಲಿಂದ ನೋಡಿದರು. ತಮ್ಮ ಅಂಕಿಯ ಅರ್ಧವೂ ಇಲ್ಲ, ಉಳಿದ ಕ್ಷಿಪಣಿಗಳು ಎಲ್ಲಿ ಹೋದವು ಅಂತ ಇಂಗ್ಲಿಷಿನಲ್ಲಿ ಗದರಿದರು. "ಸರ್, ಅವು ಇದ್ದದ್ದು ನಿಮ್ಮ ಲೇಖನದಲ್ಲಿ ಮಾತ್ರ" ಅಂದೆ. ಗೈಡ್ ಸಾಹೇಬರು ಹಣೆ ಹಿಡಿದುಕೊಂಡರು. ನಾನು ಮೂರು ಫೋಟೋ ಮೇಜಿನ ಮೇಲಿಟ್ಟೆ. ಮೂರು ಊರು, ಲಾರಿ ಒಂದೇ. ಬಾಗಿಲ ಕೆಳಗೆ ಅದೇ ತಗ್ಗು, ಅದೇ ತೇಪೆ. ಪ್ರೊಫೆಸರರು ಭೂತಗನ್ನಡಿ ತರಿಸಿ ಬಹಳ ಹೊತ್ತು ನೋಡಿದರು.

"ಇಲ್ಲಿ ಗೊತ್ತಿಲ್ಲ ಅಂತ ಬರೆದಿದ್ದೀರಿ?"

"ಗೊತ್ತಿಲ್ಲ ಸರ್, ಅದಕ್ಕೇ."

ಅವರು ಕನ್ನಡಕ ತೆಗೆದು ನಕ್ಕರು. "ನನಗೂ ಗೊತ್ತಿರಲಿಲ್ಲ. ಆದರೂ ಬರೆದುಬಿಟ್ಟೆ." ಈ ವಿದ್ಯೆ ಯಾರು ಕಲಿಸಿದರು ಅಂದರು. ನಮ್ಮಪ್ಪ ಅಂದೆ. ಯಾವ ವಿಶ್ವವಿದ್ಯಾಲಯದಲ್ಲಿದ್ದಾರೆ ಅಂತ ಕೇಳಿದರು. ಕಮಲಾಪುರ ಬಸ್ ಸ್ಟ್ಯಾಂಡಿನಲ್ಲಿದ್ದರು ಅಂದೆ. ಎದ್ದು ನಿಂತು ಕೈ ಕುಲುಕಿದರು ಅಪ್ಪಾ, ಎದ್ದು ನಿಂತು!

ಇನ್ನೂ ಒಂದಿದೆ. ಹೋದ ವಾರ ದಿಲ್ಲಿಯಿಂದ ಟಪಾಲಿನಲ್ಲಿ ಪತ್ರಿಕೆ ಬಂತು. ಅದರಲ್ಲಿ ಆ ಪ್ರೊಫೆಸರರ ಹೊಸ ಲೇಖನ, ನನ್ನ ಅಂಕಿ, ಕೆಳಗೆ ನನ್ನ ಹೆಸರು. ಅವ್ವನಿಗೆ ಓದಿ ಹೇಳಿದೆ. "ಹಂಗಾರ ಚೀನಾದವರ ಕ್ಷಿಪಣಿ ಕಡಿಮಿ ಆದವೇನು?" ಅಂದಳು. ಇಲ್ಲವ್ವಾ, ಅವು ಇದ್ದಷ್ಟೇ ಅವ ಅಂದೆ.

ದಿಲ್ಲಿಯವರು ತಮ್ಮ ಅಂಕಿ ತಿದ್ದಿಕೊಂಡರು ಅಪ್ಪಾ. ಕಮಲಾಪುರದ್ದು ಇದ್ದ ಹಾಗೇ ಇದೆ.

ನಿನ್ನ ಮಗಳು,
ಡಾಕ್ಟರ್ ಸುವರ್ಣಾ